ನಾವು ಚೆಂಬುಮಂಡೆಯ ಕಡೆಯವರು

ಮೂಡುಬಿದಿರೆಯಲ್ಲಿ ನನ್ನದೊಂದು ಸಣ್ಣ ಅಂಗಡಿ ಉಂಟು. ಶಾಲೆಗಳ ಛದ್ಮವೇಷಕ್ಕೆ, ನಾಟಕಕ್ಕೆ, ವಾರ್ಷಿಕೋತ್ಸವಕ್ಕೆ ವೇಷದ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿ. ದೇವರ ಕಿರೀಟ, ಪೊಲೀಸರ ಟೊಪ್ಪಿ, ಬದನೆಕಾಯಿಯ ವೇಷ, ಚಿಟ್ಟೆಯ ರೆಕ್ಕೆ ಎಲ್ಲ ಇಟ್ಟಿದ್ದೇನೆ. ಈ ಅಂಗಡಿಯಲ್ಲಿ ಒಂದು ತಮಾಷೆ ಮಾತ್ರ ವರ್ಷ ವರ್ಷವೂ ತಪ್ಪದೆ ಆಗುತ್ತದೆ. ಮಕ್ಕಳನ್ನು ಕರೆದುಕೊಂಡು ಬರುವ ಅಪ್ಪಂದಿರು ನನ್ನ ಪ್ರಾಯದವರಾದರೆ, ಕಪಾಟಿನ ಮೇಲಿರುವ ತಾಮ್ರದ ಬಣ್ಣದ ಮಂಡೆಯನ್ನು ಕಂಡ ಕೂಡಲೇ ಅಲ್ಲೇ ನಿಂತುಬಿಡುತ್ತಾರೆ. "ಇದು ಅವನಲ್ಲವಾ?" ಎಂದು ಕೇಳುತ್ತಾರೆ. ಹೌದು, ಅವನೇ ಎನ್ನುತ್ತೇನೆ. ಅಲ್ಲಿಗೆ ಮುಗಿಯಿತು. ಆಮೇಲೆ ಆ ಮಗುವಿಗೆ ಏನು ಬೇಕು ಎಂದು ಕೇಳುವವರೇ ಇಲ್ಲ.

ಅವನು ಅಂದರೆ ಚೆಂಬುಮಂಡೆ. ನಾವು ಚಿಕ್ಕವರಿದ್ದಾಗ ನಮ್ಮೂರಿನ ಟಾಕೀಸಿಗೆ ಒಂದು ಇಂಗ್ಲಿಷ್ ಪಿಕ್ಚರ್ ಬಂದಿತ್ತು. ಆಕಾಶದಲ್ಲಿ ಹಾರುವ ಒಬ್ಬ ಹೀರೋ, ಅವನ ಬೆನ್ನಿಗೆ ಒಂದು ನೀಲಿ ಬಟ್ಟೆ. ವಿಲನ್ನಿಗೆ ತಲೆಯಲ್ಲಿ ಒಂದು ಕೂದಲೂ ಇಲ್ಲ, ತಲೆಗೆ ಪೂರ್ತಿ ತಾಮ್ರದ ತಗಡು. ಅದು ನಮ್ಮ ಬಚ್ಚಲಿನ ಚೆಂಬನ್ನು ಬೋರಲು ಹಾಕಿದ ಹಾಗೆಯೇ ಇದ್ದದ್ದರಿಂದ ಅವನು ಚೆಂಬುಮಂಡೆಯಾದ. ಹೀರೋವಿಗೂ ಒಂದು ಹೆಸರಿಟ್ಟಿದ್ದೆವು, ಶಾಲಿನವ ಅಂತ. ಯಾವಾಗ ನೋಡಿದರೂ ಈಗಷ್ಟೇ ಸನ್ಮಾನ ಮಾಡಿಸಿಕೊಂಡು ಬಂದವರ ಹಾಗೆ ಶಾಲು ಹೊದ್ದಿರುತ್ತಿದ್ದ. ಪಿಕ್ಚರಿನ ನಿಜವಾದ ಹೆಸರು ನಮ್ಮಲ್ಲಿ ಯಾರಿಗೂ ನೆನಪಿಲ್ಲ. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಯಾರನ್ನು ಬೇಕಾದರೂ ಕೇಳಿ, ಚೆಂಬುಮಂಡೆಯ ಪಿಕ್ಚರ್ ಅಂದರೆ ಸಾಕು, ಮುಖ ಅರಳುತ್ತದೆ. ಶಾಲಿನವನನ್ನು ಯಾರೂ ಕೇಳುವುದಿಲ್ಲ.

ಚಿಟ್ಟೆಯ ಅಪ್ಪ

ಮೊನ್ನೆ ಮೊನ್ನೆ ಶಾಲೆಗಳ ವಾರ್ಷಿಕೋತ್ಸವದ ಸಮಯದಲ್ಲಿ ಬಂಟ್ವಾಳದ ಒಬ್ಬರು ಮಗಳನ್ನು ಕರೆದುಕೊಂಡು ಬಂದರು. ನೋಡಿದರೆ ಗಂಭೀರ ಮನುಷ್ಯ. ಇಸ್ತ್ರಿ ಮಾಡಿದ ಶರ್ಟು, ಕಿಸೆಯಲ್ಲಿ ಪೆನ್ನು. ಮಗಳಿಗೆ ಚಿಟ್ಟೆಯ ವೇಷ ಬೇಕಿತ್ತು. ನಾನು ಆ ಮಗುವಿನ ಬೆನ್ನಿಗೆ ರೆಕ್ಕೆ ಕಟ್ಟುತ್ತಿದ್ದೆ. ಇವರು ಕಪಾಟಿನ ಮೇಲೆ ನೋಡಿದರು, ನಿಂತರು, ಕೇಳಿದರು. ಒಮ್ಮೆ ಕೈಯಲ್ಲಿ ಹಿಡಿದು ನೋಡಬಹುದಾ ಅಂದರು. ಕೊಟ್ಟೆ.

ಆ ಮಂಡೆಯನ್ನು ನಾನೇ ಮಾಡಿಸಿದ್ದು. ಅಲ್ಯೂಮಿನಿಯಂ ಪಾತ್ರೆಯೊಂದನ್ನು ಕತ್ತರಿಸಿ, ಕಣ್ಣಿಗೆ ತೂತು ಕೊರೆಸಿ, ಮೇಲೆ ಬಣ್ಣ ಹೊಡೆಸಿದ್ದೆ. ಹೈಸ್ಕೂಲ್ ಹುಡುಗರ ಅಳತೆ. ನಾನು ಮುಂದಿನ ಗಂಟು ಹಾಕಿ ತಿರುಗಿ ನೋಡುವಾಗ ಅದು ಇವರ ತಲೆಯ ಮೇಲಲ್ಲ, ತಲೆಯನ್ನು ದಾಟಿ ಗಲ್ಲದ ತನಕ ಇಳಿದಿತ್ತು. ಕನ್ನಡಿಯ ಮುಂದೆ ನಿಂತು, ಎರಡೂ ಕೈ ಮೇಲೆತ್ತಿ, ಒಳಗಿನಿಂದ ಏನೋ ಗರ್ಜಿಸಿದರು. ಕೊಡಪಾನದೊಳಗೆ ಕೂತು ಮಾತಾಡಿದ ಹಾಗೆ ಕೇಳಿತು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವರೂ ಒಳಗೆ ನಕ್ಕಿರಬೇಕು, ಹೊಟ್ಟೆ ಕುಲುಕಿದ್ದು ಕಂಡಿತು.

ತೆಗೆಯಲಿಕ್ಕೆ ಹೋದರೆ ಬರಲಿಲ್ಲ. ನಾನು ಎಳೆದೆ, ಪಕ್ಕದ ಬೇಕರಿಯವರು ಎಳೆದರು. ಕಿವಿಯ ಹತ್ತಿರ ಸಿಕ್ಕಿಕೊಂಡಿತ್ತು. ತೆಂಗಿನೆಣ್ಣೆ ತರಿಸಿ ಕುತ್ತಿಗೆಯ ಕಡೆಯಿಂದ ಹೊಯ್ದೆವು. ಇಸ್ತ್ರಿಯ ಶರ್ಟು ಎಣ್ಣೆಯಲ್ಲಿ ನೆನೆಯಿತು, ಮಂಡೆ ಮಾತ್ರ ಅಲ್ಲಾಡಲಿಲ್ಲ. ಮಗಳಿಗೆ ಗಾಬರಿ ಏನೂ ಇರಲಿಲ್ಲ. ಅವಳಿಗೆ ರೆಕ್ಕೆ ಸಿಕ್ಕಿತ್ತು, ಅವಳು ಅಂಗಡಿಯ ತುಂಬ ಹಾರಾಡುತ್ತಿದ್ದಳು.

ಅಷ್ಟರಲ್ಲಿ ಅವರ ಕಿಸೆಯ ಫೋನು ಹೊಡೆಯಿತು. ನಾನೇ ತೆಗೆದು ಮಾತಾಡಿದೆ. ಅವರ ಹೆಂಡತಿ. ಇದ್ದ ವಿಷಯ ಹೇಳಿದೆ.

"ಉಸಿರಾಡಲಿಕ್ಕೆ ಆಗ್ತದಾ ಅವರಿಗೆ?" ಎಂದು ಕೇಳಿದರು.

ಆಗ್ತದೆ ಅಂದೆ.

"ಮಾತಾಡಲಿಕ್ಕೆ?"

ಅದು ಸ್ವಲ್ಪ ಕಷ್ಟ, ಏನು ಹೇಳಿದರೂ ಹೊರಗೆ ಗೊತ್ತಾಗುವುದಿಲ್ಲ ಅಂದೆ.

ಅವರು ಹೇಳಿದರು, "ಹಾಗಾದರೆ ಗಡಿಬಿಡಿ ಮಾಡಬೇಡಿ ಅಕ್ಕ. ನಿಧಾನಕ್ಕೆ ತೆಗೆಯಿರಿ."

ಕರೆಂಟು

ಆ ಪಿಕ್ಚರ್ ನಮ್ಮ ಟಾಕೀಸಿಗೆ ಬರುವಾಗ ಲೋಕದಲ್ಲೆಲ್ಲ ಓಡಿ ಮುಗಿದಿತ್ತು. ರೀಲಿನ ಮೇಲೆ ಎಷ್ಟು ಗೀರುಗಳೆಂದರೆ ಪಿಕ್ಚರಿನ ಒಳಗೆ ಯಾವಾಗಲೂ ಮಳೆ ಬರುತ್ತಿತ್ತು, ಕೋಣೆಯೊಳಗೂ. ನಮ್ಮದು ಸಿದ್ಧಕಟ್ಟೆ. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಮನೆಗೆ ಆಗ ಇನ್ನೂ ಕರೆಂಟು ಬಂದಿರಲಿಲ್ಲ, ಚಿಮಿಣಿ ದೀಪದಲ್ಲೇ ಓದು. ಒಂದು ಆದಿತ್ಯವಾರ ಅಣ್ಣ ನನ್ನನ್ನು ಬಸ್ಸಿನಲ್ಲಿ ಮೂಡುಬಿದಿರೆಗೆ ಕರೆದುಕೊಂಡು ಹೋದ, ಮಧ್ಯಾಹ್ನದ ಆಟಕ್ಕೆ.

ಕಥೆಯಲ್ಲಿ ಚೆಂಬುಮಂಡೆ ಊರಿನ ಕರೆಂಟನ್ನೆಲ್ಲ ಕದಿಯುವವ. ಒಂದು ಎತ್ತರದ ಗೋಪುರದ ಮೇಲೆ ಅವನದೊಂದು ಯಂತ್ರ, ಅದಕ್ಕೆ ಆಳೆತ್ತರದ ಒಂದು ಹ್ಯಾಂಡಲು. ಅವನು ಅದನ್ನು ಎಳೆದ. ಪಿಕ್ಚರಿನಲ್ಲಿ ಊರಿನ ದೀಪಗಳು ಒಂದೊಂದಾಗಿ ಆರುತ್ತ ಬಂದವು. ಕೊನೆಯ ದೀಪ ಆರಿತು, ಅದೇ ಹೊತ್ತಿಗೆ ಟಾಕೀಸಿನ ಕರೆಂಟೂ ಹೋಯಿತು. ಪರದೆಯೂ ಕತ್ತಲೆ, ಫ್ಯಾನೂ ನಿಂತಿತು.

ನಾನು ಅಣ್ಣನ ಕೈ ಹಿಡಿದುಕೊಂಡೆ. ಆಮೇಲೆ ಹಿಂದಿನಿಂದ ಒಬ್ಬರು ಚಪ್ಪಾಳೆ ಹೊಡೆದರು, ಕೂಡಲೇ ಇಡೀ ಟಾಕೀಸು ಹೊಡೆಯಿತು. ಸೀಟಿ, ಬೆಂಚು ಬಡಿಯುವುದು. ಟಾಕೀಸಿನ ಮಾಲಕರು ಟಾರ್ಚ್ ಹಿಡಿದು ಬಾಗಿಲಲ್ಲಿ ನಿಂತು, ಕರೆಂಟು ಹೋದದ್ದು, ಸ್ವಲ್ಪ ಕಾಯಿರಿ ಎಂದು ಹೇಳುತ್ತಲೇ ಇದ್ದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಕೆಲವರು ಎದ್ದುಹೋಗಿ ಅವರ ಕೈ ಕುಲುಕಿ ಬಂದರು, ಮಂಗಳೂರಿನ ಟಾಕೀಸಿನಲ್ಲಿ ಕೂಡ ಹೀಗೆ ಮಾಡುವುದಿಲ್ಲ ಎಂದು ಹೊಗಳಿದರು.

ಮುಂದಿನ ವಾರ ಪುನಃ ಹೋದೆವು. ಅದೇ ಗೋಪುರ, ಅದೇ ಹ್ಯಾಂಡಲು, ಆದರೆ ಕರೆಂಟು ಹೋಗಲಿಲ್ಲ. ಜನರಿಗೆ ಸಿಟ್ಟು ಬಂತು. ಆಟ ಮುಗಿದ ಮೇಲೆ ಮಾಲಕರನ್ನು ಸುತ್ತುಗಟ್ಟಿದರು. ಹೋದ ವಾರ ಬಂದವರಿಗೆ ಮಾಡಿ ತೋರಿಸಿದಿರಿ, ನಮಗೆ ಯಾಕೆ ಉದಾಸೀನ ಎಂದು ಕೇಳಿದರು. ಪಾಪ, ಅವರು ಎಷ್ಟು ವಿವರಿಸಿದರೂ ಪ್ರಯೋಜನ ಆಗಲಿಲ್ಲ. ಮರುದಿನದಿಂದ ಅವರೇ ಮೈನ್ ಸ್ವಿಚ್ಚಿನ ಕೆಳಗೆ ಕುರ್ಚಿ ಹಾಕಿ ಕೂತರು. ಚೆಂಬುಮಂಡೆ ಅಲ್ಲಿ ಹ್ಯಾಂಡಲು ಎಳೆಯುವಾಗ ಇವರು ಇಲ್ಲಿ ಸ್ವಿಚ್ಚು ತೆಗೆಯುವುದು. ಜನ ಸಂತೋಷವಾಗಿ ಚಪ್ಪಾಳೆ ಹೊಡೆದ ಮೇಲೆ ಪುನಃ ಹಾಕುವುದು.

ಒಂದು ದಿನ ಅವರು ಸ್ವಿಚ್ಚು ತೆಗೆದ ಹೊತ್ತಿಗೆ ಸರಿಯಾಗಿ ನಿಜವಾದ ಕರೆಂಟೇ ಹೋಯಿತು. ಅವರಿಗೆ ಗೊತ್ತಾಗಲಿಲ್ಲ. ಸ್ವಿಚ್ಚು ಹಾಕಿದರು, ಬರಲಿಲ್ಲ. ತೆಗೆದು ಹಾಕಿದರು, ಬರಲಿಲ್ಲ. ಕತ್ತಲೆಯಲ್ಲಿ ಟಕ್ ಟಕ್ ಶಬ್ದ ಮಾತ್ರ. ಜನ ತುಂಬಾ ಹೊತ್ತು ಕಾದರು. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬರು ಹೇಳಿದರು, "ಸಾಕು ಮಾರಾಯ್ರೆ, ನಮಗೆ ಹೆದರಿಕೆ ಆಯಿತು. ಇನ್ನು ಹಾಕಿ."

ಬೊಂಬಾಯಿ ಮಾವ

ಇಂಗ್ಲಿಷ್ ಪಿಕ್ಚರ್ ನಮಗೆ ಹೇಗೆ ಅರ್ಥವಾಯಿತು ಎಂದು ನೀವು ಕೇಳಬಹುದು. ಬೊಂಬಾಯಿ ಮಾವ ಇದ್ದದ್ದರಿಂದ ಅರ್ಥವಾಯಿತು.

ಅವರು ನಮಗೆ ಸಂಬಂಧದಲ್ಲಿ ಮಾವ ಅಲ್ಲ, ಊರಿಗೆಲ್ಲ ಮಾವ. ಪೊಳಲಿಯವರು. ಬೊಂಬಾಯಿಯ ಹೋಟೆಲಿನಲ್ಲಿ ಬಹಳ ವರ್ಷ ಇದ್ದು ಊರಿಗೆ ಬಂದಿದ್ದರು. ಬಿಳಿ ಪ್ಯಾಂಟು, ಹಿಂದಿನ ಕಿಸೆಯಲ್ಲಿ ಬಾಚಣಿಗೆ. ಬೊಂಬಾಯಿಯಲ್ಲಿ ಬಿಳಿಯ ದೊರೆಗಳ ಜೊತೆ ಇಂಗ್ಲಿಷ್ ಮಾತಾಡಿದವರು ಎಂದು ಪ್ರತೀತಿ. ಆ ಪಿಕ್ಚರಿಗೆ ಅವರು ಪ್ರತಿ ಆದಿತ್ಯವಾರ ಬರುತ್ತಿದ್ದರು. ಮುಂದಿನ ಸಾಲಿನ ತುದಿಯಲ್ಲಿ ಕೂತು, ಪರದೆಯಲ್ಲಿ ಯಾರು ಬಾಯಿ ತೆರೆದರೂ ಅದನ್ನು ಕೂಡಲೇ ತುಳುವಿನಲ್ಲಿ ದೊಡ್ಡ ಸ್ವರದಲ್ಲಿ ಹೇಳುತ್ತಿದ್ದರು. ಹೆಂಗಸರು ಮಾತಾಡಿದರೆ ಸ್ವರ ಸಣ್ಣ ಮಾಡುತ್ತಿದ್ದರು. ಚೆಂಬುಮಂಡೆಗೆ ಎದೆಯಿಂದ ಬರುವ ಸ್ವರ.

ಮಾವ ಹೇಳಿದ ಪ್ರಕಾರ ಚೆಂಬುಮಂಡೆ ಹುಟ್ಟಿದ್ದು ಒಂದು ಕತ್ತಲೆಯ ಮನೆಯಲ್ಲಿ. ದೀಪಕ್ಕೆ ಎಣ್ಣೆ ಇಲ್ಲದೆ ಅವನ ಅಮ್ಮ ಮಗನ ಮುಖವನ್ನೇ ನೋಡದೆ ತೀರಿಹೋದಳು. ಅದೇ ಊರಿನಲ್ಲಿ ಶಾಲಿನವನದು ದೊಡ್ಡ ಮನೆ. ಅಲ್ಲಿ ಹಗಲು ಹೊತ್ತು ಕೂಡ ಲೈಟು ಉರಿಯುತ್ತದೆ. ಕೆಂಪು ಕೋಟಿನ ಒಬ್ಬ ಹೆಂಗಸು ಬಂದು ಕಣ್ಣೊರೆಸಿಕೊಂಡಾಗ ಮಾವ ಹೇಳಿದರು, ಇವಳು ಚಿಕ್ಕಂದಿನಲ್ಲಿ ತಪ್ಪಿಹೋದ ಚೆಂಬುಮಂಡೆಯ ಅವಳಿ ತಂಗಿ, ಈಗ ಗುರುತು ಸಿಕ್ಕಿತು. ಇಡೀ ಹೆಂಗಸರ ಬದಿ ಸೆರಗಿನಲ್ಲಿ ಕಣ್ಣೊರೆಸಿತು. ಆಮೇಲೆ ಗೋಪುರದ ಮೇಲೆ ಚೆಂಬುಮಂಡೆ ಎರಡು ಕೈಯೆತ್ತಿ ನಿಂತ. ಮಾವನೂ ಎದ್ದು ನಿಂತರು.

"ಬೆಳಕು ಎಲ್ಲರಿಗೂ ಬರಲಿ. ಇಲ್ಲದಿದ್ದರೆ ಯಾರಿಗೂ ಬೇಡ."

ಟಾಕೀಸು ಬಿದ್ದುಹೋಗುವ ಹಾಗೆ ಚಪ್ಪಾಳೆ. ಚಿಮಿಣಿ ದೀಪದ ಮನೆಯ ಮಕ್ಕಳು ನಾವು ಮತ್ತೆ ಯಾರ ಕಡೆ ಸೇರುವುದು? ಕೊನೆಗೆ ಶಾಲಿನವ ಹಾರಿ ಬಂದು ಚೆಂಬುಮಂಡೆಯನ್ನು ಗೋಪುರದಿಂದ ಸಮುದ್ರಕ್ಕೆ ನೂಕುವಾಗ ನಾನು ಜೋರಾಗಿ ಅತ್ತೆ. ಅಣ್ಣ ಸಮಾಧಾನ ಮಾಡಿದರೂ ನಿಲ್ಲಲಿಲ್ಲ. ಮಾವ ಹಿಂದೆ ತಿರುಗಿ ನನ್ನನ್ನು ನೋಡಿದರು.

"ಅಳಬೇಡ ಬಾಲೆ. ಅವನು ಸಾಯಲಿಲ್ಲ. ಈಜಿಕೊಂಡು ಬೊಂಬಾಯಿಗೆ ಹೋದ. ಅಲ್ಲಿ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದ್ದಾನೆ."

ನಾನು ಅಳು ನಿಲ್ಲಿಸಿ ಯೋಚಿಸಿದೆ. ಅಂಥಾ ಮಂಡೆ ಇಟ್ಟುಕೊಂಡು ಹೋಟೆಲಿನಲ್ಲಿ ಹೇಗೆ ಎಂದು ಕೇಳಿದೆ.

"ಟೊಪ್ಪಿ ಹಾಕಿಕೊಳ್ತಾನೆ" ಅಂದರು ಮಾವ.

ಮದುವೆಯಾದ ಮೇಲೆ ಗಂಡನ ಜೊತೆ ಮೊದಲ ಸಲ ಬೊಂಬಾಯಿಗೆ ಹೋಗಿದ್ದೆ. ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಪ್ರಾಯ ಆದ ಸಪ್ಲಾಯರ್ ಒಬ್ಬರು ಇಡ್ಲಿ ತಂದಿಟ್ಟರು. ತಲೆಗೆ ಕಿವಿಯ ತನಕ ಎಳೆದ ಟೊಪ್ಪಿ. ನಾನು ಇಡ್ಲಿ ಬಿಟ್ಟು ಅವರನ್ನೇ ನೋಡುತ್ತಾ ಕೂತೆ. ಗುರುತದವರಾ ಎಂದು ಗಂಡ ಕೇಳಿದರು.

"ಇರಬಹುದು" ಅಂದೆ.

ಹಲ್ಲಿನ ಡಾಕ್ಟ್ರು

ಆ ಪಿಕ್ಚರ್ ನೋಡಿದ ಮೇಲೆ ಕೊಯ್ಲು ಮುಗಿದ ಗದ್ದೆಯಲ್ಲಿ ನಮಗೆ ಅದೇ ಆಟ. ಕಷ್ಟ ಏನೆಂದರೆ ಎಲ್ಲರಿಗೂ ಚೆಂಬುಮಂಡೆಯೇ ಆಗಬೇಕು. ಶಾಲಿನವ ಆಗಲಿಕ್ಕೆ ಜನ ಇಲ್ಲ. ಅಣ್ಣನೇ ಎಲ್ಲರಿಗಿಂತ ಎತ್ತರ, ಆದ್ದರಿಂದ ಅವನೇ ಖಾಯಂ ಚೆಂಬುಮಂಡೆ. ಅವನ ಕ್ಲಾಸಿನ ಒಬ್ಬ ಮೆತ್ತಗಿನ ಹುಡುಗನ ಕುತ್ತಿಗೆಗೆ ಮೈ ಒರೆಸುವ ಒಂದು ಬೈರಾಸು ಕಟ್ಟಿ, ನೀನು ಶಾಲಿನವ ಎಂದು ನಿಲ್ಲಿಸುತ್ತಿದ್ದರು. ಪಿಕ್ಚರಿನಲ್ಲಿ ಶಾಲಿನವ ಗೆಲ್ಲುತ್ತಾನೆ ಎಂದು ಆ ಹುಡುಗ ದಿನವೂ ನೆನಪು ಮಾಡುತ್ತಿದ್ದ. ನಮ್ಮ ಗದ್ದೆಯಲ್ಲಿ ಹಾಗಿಲ್ಲ ಎಂದು ಅಣ್ಣ ದಿನವೂ ಅವನನ್ನು ಬದಿಯಲ್ಲಿ ನೀರು ಹರಿಯುವ ತೋಡಿಗೆ ನೂಕುತ್ತಿದ್ದ.

ಆ ಹುಡುಗ ಚೆನ್ನಾಗಿ ಓದಿ ಈಗ ಬೆಳ್ತಂಗಡಿಯಲ್ಲಿ ಹಲ್ಲಿನ ಡಾಕ್ಟ್ರು. ಅಣ್ಣನದು ಪುಂಜಾಲಕಟ್ಟೆಯಲ್ಲಿ ಹೋಟೆಲು. ಇಬ್ಬರೂ ಇವತ್ತಿಗೂ ದೋಸ್ತಿಗಳೇ. ಆದರೆ ಅಣ್ಣನಿಗೆ ಸೂಜಿ ಅಂದರೆ ಜೀವಹೋಗುವಷ್ಟು ಹೆದರಿಕೆಯಿದ್ದ ಕಾರಣ ದೋಸ್ತಿಯ ಕ್ಲಿನಿಕ್ಕಿನ ಬಾಗಿಲು ದಾಟಿದವನಲ್ಲ. ಹೋದ ಮಳೆಗಾಲದಲ್ಲಿ ದವಡೆ ಹಲ್ಲು ನೋಯಲಿಕ್ಕೆ ಸುರುವಾಯಿತು. ಲವಂಗ ಕಚ್ಚಿ ನೋಡಿದ, ಉಪ್ಪುನೀರು ಮುಕ್ಕಳಿಸಿ ನೋಡಿದ, ಕೆನ್ನೆ ಬನ್ಸಿನ ಹಾಗೆ ಉಬ್ಬಿದ ಮೇಲೆ ಅತ್ತಿಗೆ ಬಲವಂತದಿಂದ ಕಳಿಸಿದರು.

ಡಾಕ್ಟ್ರು ಪ್ರೀತಿಯಿಂದಲೇ ಕೂರಿಸಿದರಂತೆ. ಕುತ್ತಿಗೆಗೆ ನೀಲಿ ಬಟ್ಟೆ ಕಟ್ಟಿದರು. ಸೂಜಿ ಕೊಟ್ಟಾಯಿತು, ಅರ್ಧ ಬಾಯಿ ಮರಗಟ್ಟಿತು, ಅಣ್ಣ ಅದನ್ನೂ ಸಹಿಸಿದ. ಆಮೇಲೆ ಡಾಕ್ಟ್ರು ಕುರ್ಚಿಯನ್ನು ಹಿಂದಕ್ಕೆ ಮಲಗಿಸಿ, ಮುಖಕ್ಕೆ ಮಾಸ್ಕ್ ಏರಿಸಿ, ಒಂದು ಕೈಯಲ್ಲಿ ಇಕ್ಕುಳ ಹಿಡಿದು, ಇನ್ನೊಂದು ಕೈಯಿಂದ ಮೇಲಿನ ದೊಡ್ಡ ಲೈಟನ್ನು ಅಣ್ಣನ ಮುಖಕ್ಕೆ ತಿರುಗಿಸಿದರು. ಇಷ್ಟು ವರ್ಷ ಕಾದಿದ್ದರೋ ಏನೋ, ಎದೆಯಿಂದ ಸ್ವರ ತೆಗೆದು ಮೆಲ್ಲಗೆ ಹೇಳಿದರು, "ಬೆಳಕು ಎಲ್ಲರಿಗೂ ಬರಲಿ."

ಅಣ್ಣ ಕುರ್ಚಿಯಿಂದ ಹೇಗೆ ಇಳಿದ ಎಂದು ಅವನಿಗೇ ಗೊತ್ತಿಲ್ಲ. ಹೊರಗೆ ಕೂತಿದ್ದವರು ನೋಡಿದ್ದು ಇಷ್ಟು. ಒಬ್ಬ ದಪ್ಪ ಮನುಷ್ಯ ಕೆನ್ನೆ ಹಿಡಿದುಕೊಂಡು ಬಾಗಿಲಿನಿಂದ ಹೊರಗೆ ಓಡಿದ. ಕುತ್ತಿಗೆಗೆ ಕಟ್ಟಿದ ನೀಲಿ ಬಟ್ಟೆ ಹೆಗಲ ಮೇಲಿಂದ ಹಿಂದಕ್ಕೆ ಹಾರುತ್ತಿತ್ತು. ಅಣ್ಣ ಹಾಗೆಯೇ ಓಡಿ, ಹೊರಡುತ್ತಿದ್ದ ಬಂಟ್ವಾಳದ ಬಸ್ಸಿಗೆ ಹಾರಿ ಹತ್ತಿದ.

ಕಂಡಕ್ಟರ್ ಗುರುತದವ. ಅಣ್ಣನ ಹೆಗಲಿನ ಬಟ್ಟೆ ನೋಡಿ ಗೌರವದಿಂದ ಜಾಗ ಮಾಡಿಕೊಟ್ಟ. "ಎಲ್ಲಿ ಧನಿಗಳೇ ಇವತ್ತು ಸನ್ಮಾನ ಇದ್ದದ್ದು?" ಎಂದು ಕೇಳಿದ. ಅಣ್ಣ ಏನೋ ಹೇಳಿದನಂತೆ. ಮರಗಟ್ಟಿದ ಬಾಯಿಯಾದ್ದರಿಂದ ಕಂಡಕ್ಟರಿಗೆ ಅರ್ಥವಾಗಲಿಲ್ಲ. ಅರ್ಥವಾಗಿದ್ದರೆ ಅಲ್ಲೇ ಇಳಿಸುತ್ತಿದ್ದ.

ಕೆಳಗಿನ ಅಕ್ಷರ

ಆ ಹಲ್ಲನ್ನು ಡಾಕ್ಟ್ರು ಮರುದಿನ ತೆಗೆದರು, ಸುಮ್ಮನೆ, ಒಂದು ಮಾತೂ ಆಡದೆ. ಆ ಬೇಸರ ಕಳೆಯಲಿ ಎಂದು ಅಣ್ಣನನ್ನೂ ನನ್ನನ್ನೂ ಒಂದು ಆದಿತ್ಯವಾರ ಮನೆಗೆ ಕರೆದರು. ಅವರ ಮಗಳು ಆ ಹಳೆಯ ಪಿಕ್ಚರನ್ನು ಎಲ್ಲಿಂದಲೋ ಹುಡುಕಿ ತಂದು ಟಿವಿಗೆ ಹಾಕಿಕೊಟ್ಟು ತನ್ನ ಹಾಸ್ಟೆಲಿಗೆ ಹೋಗಿದ್ದಳು. ಈಗ ಮಾತಾಡಿದ್ದೆಲ್ಲ ಕೆಳಗೆ ಕನ್ನಡ ಅಕ್ಷರದಲ್ಲಿ ಬರುತ್ತದೆ ಎಂದು ಹೇಳಿ ಹೋಗಿದ್ದಳಂತೆ.

ಚೆಂಬುಮಂಡೆ ಮೊದಲ ಸಲ ಬಂದಾಗ ನಾವು ಮೂವರೂ ಎದ್ದು ಕೂತೆವು. ಎಷ್ಟೋ ವರ್ಷದ ನಂತರ ಊರಿನವರೊಬ್ಬರನ್ನು ಪರವೂರಿನಲ್ಲಿ ಕಂಡ ಹಾಗೆ. ಆ ತಲೆ, ಆ ನಡಿಗೆ, ಎಲ್ಲ ಹಾಗೆಯೇ ಇತ್ತು. ಮಳೆ ಮಾತ್ರ ಇರಲಿಲ್ಲ, ಈಗ ಗೀರುಗಳನ್ನೆಲ್ಲ ಉಜ್ಜಿ ತೆಗೆದಿದ್ದಾರೆ.

ಅವನ ಅಮ್ಮನ ವಿಷಯ ಬರುವ ಜಾಗ ಬಂತು. ಕೆಳಗೆ ಅಮ್ಮನ ಸುದ್ದಿಯೇ ಇಲ್ಲ. ಅವನು ಊಟಕ್ಕೆ ಏನುಂಟು ಎಂದು ಕೇಳುತ್ತಿದ್ದ. ಕೆಂಪು ಕೋಟಿನ ತಂಗಿ ಬಂದಳು. ಅವಳು ತಂಗಿ ಅಲ್ಲ, ಮೀಟರ್ ನೋಡಲು ಬಂದ ಇನ್‌ಸ್ಪೆಕ್ಟರ್. ಕಣ್ಣೊರೆಸಿಕೊಳ್ಳುವಾಗ ಕೆಳಗೆ ಬಂದದ್ದು ಹೀಗೆ. ‘ನನಗೆ ಇಲ್ಲಿಯ ಧೂಳು ಆಗುವುದಿಲ್ಲ.’ ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗೋಪುರ ಬಂತು. ಚೆಂಬುಮಂಡೆ ಎರಡೂ ಕೈ ಮೇಲೆತ್ತಿದ, ಅವನ ಸ್ವರ ನಡುಗಿತು, ನನ್ನ ಮೈಯಲ್ಲಿ ಆಗಲೇ ಮುಳ್ಳು ಎದ್ದಿತ್ತು. ಕೆಳಗೆ ಅಕ್ಷರ ಬಂತು.

‘ಮೇಲಿನ ಪೈಪಿನಲ್ಲಿ ಒತ್ತಡ ಕಡಿಮೆಯಾಗಿದೆ. ಯಾರಾದರೂ ಹೋಗಿ ನೋಡಿ.’

ಡಾಕ್ಟ್ರು ಹಿಂದಕ್ಕೆ ಒಯ್ದು ಪುನಃ ಹಾಕಿದರು. ಪೈಪೇ. ಬೇರೆ ಏನೂ ಇಲ್ಲ.

ಬೊಂಬಾಯಿ ಮಾವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂದು ನಮಗೆ ಗೊತ್ತಾದದ್ದು ಆವತ್ತು. ಇಡೀ ಕಥೆ, ಅಮ್ಮ, ತಂಗಿ, ಕತ್ತಲೆಯ ಮನೆ ಎಲ್ಲ ಅವರೇ ಕೂತಲ್ಲಿ ಕಟ್ಟಿದ್ದು. ನನಗೆ ನಗು ಬರಲಿಲ್ಲ. ಆ ಕತ್ತಲೆಯ ಮನೆ ಅವರದೇ ಇರಬಹುದಾ ಎಂದು ಮನಸ್ಸಿಗೆ ಬಂತು, ಹೇಳಲಿಲ್ಲ. ಡಾಕ್ಟ್ರು ಟಿವಿಯ ಸ್ವರ ಸಣ್ಣ ಮಾಡಿದರು.

ಎಲ್ಲರಿಗಿಂತ ಹೆಚ್ಚು ಪೆಟ್ಟು ಬಿದ್ದದ್ದು ಅಣ್ಣನಿಗೆ. ಅವನ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ, ದೇವರ ಪಟದ ಪಕ್ಕದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಿದ್ದಾನೆ, ಬೆಳಕು ಎಲ್ಲರಿಗೂ ಬರಲಿ, ಇಲ್ಲದಿದ್ದರೆ ಯಾರಿಗೂ ಬೇಡ ಅಂತ. ಯಾವುದೋ ಶರಣರ ಮಾತು ಎಂದುಕೊಂಡು ಗಿರಾಕಿಗಳು ಅದರ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಅಣ್ಣ ನನ್ನನ್ನು ನೋಡಿ ಕೇಳಿದ.

"ಇನ್ನು ಗೋಡೆಯಲ್ಲಿ ಪೈಪಿನ ವಿಷಯ ಬರೆಸಬೇಕಾ?"

ಪೊಳಲಿಯ ಆಟ

ನಗಾಡಿ ಮುಗಿಸುವ ವಿಷಯ ಆಗಿರಲಿಲ್ಲ. ಯಾಕೆಂದರೆ ಇದು ಗೊತ್ತಾಗುವ ಮೊದಲೇ ಅಣ್ಣ ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದ. ಆ ಕಾಲದಲ್ಲಿ ಟಾಕೀಸಿನಲ್ಲಿ ಆ ಪಿಕ್ಚರ್ ನೋಡಿದವರೆಲ್ಲ ಒಂದು ಕಡೆ ಸೇರಿ ಪುನಃ ನೋಡುವುದು. ಪೊಳಲಿಯಲ್ಲಿ ಒಂದು ಸಣ್ಣ ಹಾಲ್ ಗೊತ್ತುಮಾಡಿ ಆಗಿತ್ತು, ಜನರಿಗೆ ಹೇಳಿ ಆಗಿತ್ತು. ಮುಖ್ಯ ಅತಿಥಿ ಬೊಂಬಾಯಿ ಮಾವ. ತುಂಬ ಪ್ರಾಯ ಆಗಿದೆ, ಮಗಳ ಮನೆಯಲ್ಲಿದ್ದಾರೆ, ಆದರೆ ಕಣ್ಣು ಕಿವಿ ಚುರುಕು. ಇಷ್ಟು ಜನರ ಎದುರು ಮುಂದಿನ ಸಾಲಿನಲ್ಲಿ ಕೂತು ಅವರು ಆ ಅಕ್ಷರಗಳನ್ನು ಓದಿದರೆ ಏನಾದೀತು ಎಂದು ನಮಗೆ ಚಿಂತೆ ಹತ್ತಿತು.

ಕಾರ್ಯಕ್ರಮವನ್ನೇ ನಿಲ್ಲಿಸುವ ಎಂದರು ಡಾಕ್ಟ್ರು. ಆಗಲಿಕ್ಕಿಲ್ಲ, ಮಾವನಿಗೆ ಹೇಳಿ ಆಗಿದೆ ಎಂದ ಅಣ್ಣ. ಕೆಳಗಿನ ಅಕ್ಷರ ತೆಗೆಯುವುದು ಹೇಗೆ ಎಂದು ಡಾಕ್ಟ್ರ ಮಗಳಿಗೆ ಫೋನು ಮಾಡಿದೆವು. ಅದು ಪಿಕ್ಚರಿಗೇ ಅಂಟಿಕೊಂಡು ಬಂದದ್ದು, ತೆಗೆಯಲಿಕ್ಕೆ ಬರುವುದಿಲ್ಲ ಎಂದಳು. ಕೊನೆಗೆ ನಾನು ಹೋಗಿ ಮೊದಲೇ ಮೆಲ್ಲಗೆ ತಿಳಿಸುವುದೆಂದು ತೀರ್ಮಾನ ಆಯಿತು.

ಹೋದೆ. ಮಾವ ಜಗಲಿಯಲ್ಲಿ ಕೂತು ಬಿಳಿ ಪ್ಯಾಂಟಿಗೆ ಇಸ್ತ್ರಿ ಹಾಕಿಸುತ್ತಿದ್ದರು. ಮಗಳು ಇಸ್ತ್ರಿ ಹಾಕುವುದು, ಇವರು ಇಲ್ಲಿ ಮಡಿಕೆ ಉಂಟು, ಅಲ್ಲಿ ಮಡಿಕೆ ಉಂಟು ಎಂದು ತೋರಿಸುವುದು. ನನ್ನನ್ನು ಕಂಡು, ಅಳುವ ಬಾಲೆ ಅಲ್ಲವಾ ನೀನು ಎಂದು ನಕ್ಕರು. ಎಷ್ಟು ಜನ ಬರುತ್ತಾರೆ, ಮೈಕ್ ಇರುತ್ತದಾ ಎಂದು ಕೇಳಿದರು. ಹೊಸ ಬಾಚಣಿಗೆ ತೋರಿಸಿದರು. ನಾನು ಚಾ ಕುಡಿದು, ಅವರ ಆರೋಗ್ಯ ವಿಚಾರಿಸಿ ಬಂದೆ. ಹೇಳಿದೆಯಾ ಎಂದು ಅಣ್ಣ ಕೇಳಿದ. ನೀನೇ ಹೋಗಿ ಹೇಳು ಅಂದೆ. ಅವನು ಹೋಗಲಿಲ್ಲ.

ಕಾರ್ಯಕ್ರಮದ ದಿನ ಬೆಳಿಗ್ಗೆ ಅಣ್ಣನೇ ಒಂದು ಉಪಾಯ ಮಾಡಿದ. ನನ್ನ ಅಂಗಡಿಯಿಂದ ಜರಿ ಅಂಚಿನ ಉದ್ದದ ಬಟ್ಟೆಯೊಂದನ್ನು ತರಿಸಿ, ಅಲಂಕಾರದ ಹಾಗೆ ಪರದೆಯ ಕೆಳಭಾಗಕ್ಕೆ ಅಡ್ಡ ಕಟ್ಟಿದ. ಅಕ್ಷರ ಪೂರ್ತಿ ಮುಚ್ಚಿತು. ಜೊತೆಗೆ ಎಲ್ಲರ ಸೊಂಟದಿಂದ ಕೆಳಗೂ ಮುಚ್ಚಿತು. ಪರವಾಗಿಲ್ಲ, ಶಾಲಿನವ ಹಾರುವಾಗ ಕಾಲು ಕಾಣದಿದ್ದರೆ ಯಾರೂ ಅಳುವುದಿಲ್ಲ ಎಂದ.

ಮಧ್ಯಾಹ್ನ ಹಾಲ್ ತುಂಬಿತು. ತಲೆ ನರೆತ ಅಪ್ಪಂದಿರು, ಅಜ್ಜಿಯರಾದ ನನ್ನ ಕ್ಲಾಸಿನವರು, ನನ್ನ ಅಂಗಡಿಯಲ್ಲಿ ಮಂಡೆ ಸಿಕ್ಕಿಹಾಕಿಕೊಂಡ ಬಂಟ್ವಾಳದವರು ಎಲ್ಲ ಬಂದಿದ್ದರು. ಮಾವ ಕೋಲು ಊರಿಕೊಂಡು ಬಂದು ಮುಂದಿನ ಸಾಲಿನ ತುದಿಯಲ್ಲಿ ಕೂತರು. ಪಿಕ್ಚರ್ ಸುರುವಾಯಿತು. ಯಾರೂ ಹೇಳದೆಯೇ ಮಾವನೂ ಸುರು ಮಾಡಿದರು. ಸ್ವರ ಸ್ವಲ್ಪ ಒಡೆದಿತ್ತು, ಆದರೆ ಒಂದು ಶಬ್ದವೂ ಬದಲಾಗಿರಲಿಲ್ಲ. ಅಮ್ಮ ಮಗನ ಮುಖ ನೋಡದೆ ತೀರಿಹೋದಳು. ತಂಗಿ ಬಂದಳು. ಆ ವಯಸ್ಸಿನ ಹೆಂಗಸರು ಪುನಃ ಸೆರಗಿಗೆ ಕೈ ಹಾಕಿದರು. ನಾನೂ ಹಾಕಿದೆ. ನಿಜ ಗೊತ್ತಿದ್ದವಳು ನಾನು, ಆದರೂ ಅಳು ಬಂತು.

ಗೋಪುರದ ಜಾಗ ಬರುವಾಗ ಸೆಕೆ ತಡೆಯದೆ ಯಾರೋ ಬದಿಯ ದೊಡ್ಡ ಫ್ಯಾನು ಹಾಕಿದರು. ಅಣ್ಣ ಕಟ್ಟಿದ ಬಟ್ಟೆ ಒಮ್ಮೆ ಉಬ್ಬಿತು, ಒಂದು ತುದಿಯ ಗಂಟು ಬಿಚ್ಚಿಕೊಂಡಿತು, ಆಮೇಲೆ ಇಡೀ ಬಟ್ಟೆ ಜಾರಿ ಕೆಳಗೆ ಬಿತ್ತು. ಚೆಂಬುಮಂಡೆ ಎರಡು ಕೈಯೆತ್ತಿ ನಿಂತಿದ್ದ. ಮಾವನೂ ಕೋಲು ಬಿಟ್ಟು ಎದ್ದು ನಿಂತು, ಬೆಳಕು ಎಲ್ಲರಿಗೂ ಬರಲಿ ಎಂದು ಹೇಳಿ ಮುಗಿಸಿದ್ದರು. ಅವರ ಎದುರಿಗೇ, ಇಷ್ಟು ದೊಡ್ಡ ಅಕ್ಷರದಲ್ಲಿ, ಪೈಪಿನ ಒತ್ತಡ ಕಡಿಮೆಯಾದ ಸಂಗತಿ ಬಂತು.

ಹಾಲಿನಲ್ಲಿದ್ದವರೆಲ್ಲ ಓದಿದರು. ಒಬ್ಬರೂ ನಗಲಿಲ್ಲ, ಎಲ್ಲರ ತಲೆ ಮಾವನ ಕಡೆ ತಿರುಗಿತು. ಆಪರೇಟರ್ ಆಗಿ ಕೂತಿದ್ದ ಡಾಕ್ಟ್ರು ಗಡಿಬಿಡಿಯಲ್ಲಿ ಯಾವುದೋ ಗುಂಡಿ ಒತ್ತಿದರು. ಪಿಕ್ಚರ್ ಅಲ್ಲೇ ನಿಂತುಹೋಯಿತು, ಅಕ್ಷರದ ಸಮೇತ. ಮುಗಿಯಿತು ಎಂದು ಅಣ್ಣ ನನ್ನ ಕಿವಿಯಲ್ಲಿ ಹೇಳಿದ.

ಮಾವ ಕಿಸೆಯಿಂದ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಪರದೆಯ ಹತ್ತಿರ ಹೋಗಿ, ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು ನಿಧಾನಕ್ಕೆ ಓದಿದರು. ಒಮ್ಮೆ ಸಾಲದೆ ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಮಡಚಿ ಕಿಸೆಗೆ ಹಾಕಿದರು. ಆಮೇಲೆ ನಮ್ಮ ಕಡೆ ತಿರುಗಿ, ಕನಿಕರದಿಂದ ತಲೆಯಾಡಿಸಿದರು.

"ಆ ಬಟ್ಟೆ ಪುನಃ ಕಟ್ಟಿ ಮಾರಾಯ್ರೆ. ಇದನ್ನು ಬರೆದವನಿಗೆ ಇಂಗ್ಲಿಷ್ ಬರುವುದಿಲ್ಲ."